ಗುಡ್ಡದ ಗೋರಿ ಎಲ್ಲಿ ಹೋಯಿತು?

‘ಮಾಮಾ, ನೀವು ಪೇಪರ್‌ದಾಗ ಬರಿಯೋದೆಲ್ಲಾ ಸುಳ್ಳೇ ಏನ್ರಿ?’

ಊಟಕ್ಕೆ ಕೂತಾಗ ಬಾಮೈದ ಹೀಗಂದರೆ ತುತ್ತು ಇಳಿಯುವುದು ಹೇಗೆ? ಗುಡ್ಡದ ಇಳಿಜಾರಿನಲ್ಲಿ ಇತಿಹಾಸಕ್ಕೂ ಹಿಂದಿನ ಗೋರಿಯೊಂದಿದೆ, ಸುತ್ತ ನೆಟ್ಟ ಕಲ್ಲು, ನಡುವೆ ದಿಬ್ಬ, ಒಳಗೆ ಸತ್ತವರ ಜೊತೆ ಇಟ್ಟ ಮಡಕೆಗಳು ಅಂತ ಹಿಂದೊಮ್ಮೆ ಇಲ್ಲೇ ಬರೆದಿದ್ದೆ. ದಾರಿಯನ್ನೂ ಹೇಳಿದ್ದೆ (ಬೇವಿನ ಮರದಿಂದ ಎಡಕ್ಕೆ ಎಷ್ಟು ಹೆಜ್ಜೆ ಎಂಬುದೂ ಸೇರಿ). ಮೊನ್ನೆ ಹೋಗಿದ್ದ ಬಾಮೈದನಿಗೆ ಅಲ್ಲಿ ಏನೂ ಕಾಣಲಿಲ್ಲವಂತೆ. ಹೆಂಡತಿ ಬೇರೆ ನಗುತ್ತಿದ್ದಳು. ಮಾನದ ಪ್ರಶ್ನೆ!

ಭಾನುವಾರ ಅವನ ಬೈಕ್ ಹತ್ತಿದೆ. ಬೇವಿನ ಮರ ಇತ್ತು. ಗೋರಿ ಇಲ್ಲ! ಒಂದು ತಾಸು ಅಲೆದು, ಪ್ಯಾಂಟಿಗೆಲ್ಲ ಮುಳ್ಳು ಚುಚ್ಚಿಸಿಕೊಂಡ ಮೇಲೆ ಎದೆಯೆತ್ತರದ ಕಲ್ಲಿನ ರಾಶಿ ಸಿಕ್ಕಿತು. ‘ನೋಡಲೇ!’ ಎಂದೆ. ಶೂ ಕಳಚಿ ಕೈಮುಗಿದೆ. ಆದಿಮಾನವರ ಬಗ್ಗೆ ಒಂದು ಭಾಷಣವನ್ನೂ ಬಿಗಿದೆ. ಪಾಪ, ಬಾಮೈದನೂ ಚಪ್ಪಲಿ ಬಿಟ್ಟ.

ಅಷ್ಟರಲ್ಲಿ ಹೊಲದ ಮಾಲೀಕರು, ಹುಸೇನಸಾಬರು, ಕುಡಗೋಲು ಹಿಡಿದೇ ಬಂದರು.

‘ನನ್ನ ಕಲ್ಲಿಗ್ಯಾಕ ಕೈ ಮುಗಿಯಾಕತ್ತೀರಿ? ಹೋದ ಬ್ಯಾಸಗ್ಯಾಗ ಹೊಲದಾನ ಕಲ್ಲು ಆರಿಸಿ ನಾನೇ ಒಟ್ಟೇನಿ.’

ಬಾಮೈದ ಬಾಯಿಗೆ ಕರವಸ್ತ್ರ ಒತ್ತಿಕೊಂಡ.

‘ಹಂಗಾರ ಹಳೇ ಗೋರಿ ಎಲ್ಲದರಿ?’ ಎಂದೆ.

‘ಎಲ್ಲಿ ಗೋರಿ ಸಾಹೇಬ್ರ? ಯಾವನೋ ಪೇಪರ್‌ದಾಗ ದಾರಿ ಸಮೇತ ಬರದಾನ. ಮಡಕ್ಯಾಗ ಬಂಗಾರ ಇರ್ತದಂತ ಮಂದಿ ಬಂದು ಅಗದ್ರು. ಬರೇ ಎಲುಬು ಸಿಕ್ತು. ಸಿಟ್ಟಿಗೆದ್ದು ಮಡಕಿ ಎಲ್ಲಾ ಒಡದು ಹೋದ್ರು. ನಮ್ಮ ದಾದಾ, ನಮ್ಮಪ್ಪನ ಅಪ್ಪ, ಆ ದಿಬ್ಬ ಬಿಟ್ಟು ಸುತ್ತ ನೇಗಿಲಾ ಹೊಡೀತಿದ್ರು. ಯಾರದೋ ಹಿರ್ಯಾರು ಮಲಗ್ಯಾರ ಅಂತಿದ್ರು. ಆ ಬರದವ ಒಮ್ಮಿ ಸಿಗಬೇಕ್ರಿ ನನ್ನ ಕೈಗೆ!’

ಬಾಮೈದ ಬಾಯಿ ತೆರೆದ. ಅವನ ಕಾಲು ತುಳಿದೆ. ಆದರೆ ಎಷ್ಟು ಹೊತ್ತು ತುಳಿದುಕೊಂಡು ನಿಲ್ಲುವುದು? ‘ಆ ಯಾವನೋ ನಾನೇರಿ’ ಎಂದೆ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. (ಕಣ್ಣು ಕುಡಗೋಲಿನ ಮೇಲೂ ಇತ್ತು ಅನ್ನಿ.)

ಹುಸೇನಸಾಬರು ಬೈಯಲಿಲ್ಲ. ಮುಂದೆ ನಡೆದು, ಗುಡ್ಡದ ಹಿಂದಿನ ಮುಳ್ಳುಕಂಟಿ ಸರಿಸಿದರು. ಅಲ್ಲಿತ್ತು ಇನ್ನೊಂದು ಗೋರಿ! ಒಂದು ಕಲ್ಲೂ ಅಲುಗಿರಲಿಲ್ಲ.

‘ನೋಡ್ರಿ, ಹಿಂಗೇ ಇತ್ತು ಅದು. ಇದನ್ನೂ ಬರೀತೀರೇನು?’

ಬರೆದಿದ್ದೇನೆ. ಎಲ್ಲಿದೆ ಅಂತೀರಾ? ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲ್ಲೂಕು ಬಿದ್ದಿವೆ, ಹುಡುಕಿಕೊಳ್ಳಿ!