ಫೋರ್ ಪರ್ಸನ್ ಟೆಂಟಿನ ನಾಲ್ಕನೆಯವಳು

ಕೋವಿಡ್ ಮುಗಿದ ಮರುವರ್ಷ ನಾನು ಮುಂಬೈ ಅಂಧೇರಿಯ ಒಂದು ಖಾಸಗಿ ಕಂಪನಿಯಲ್ಲಿ ಪರ್ಚೇಸ್ ಆಫೀಸರ್ ಆಗಿದ್ದೆ. ನಿವೃತ್ತಿಗೆ ಇನ್ನೆರಡು ವರ್ಷವಿತ್ತು. ಏನೇ ಕೊಳ್ಳುವುದಿದ್ದರೂ ಫೈಲಿನಲ್ಲಿ ‘ಬಳಕೆಗೆ ಯೋಗ್ಯ’ ಎಂದು ನಾನು ಸಹಿ ಹಾಕಿದ ಮೇಲೆಯೇ ಆರ್ಡರ್ ಹೋಗುತ್ತಿತ್ತು. ಆ ಸಹಿಯ ಬಗ್ಗೆ ನನಗೆ ಸ್ವಲ್ಪ ಜಂಬವೂ ಇತ್ತು.

ಆ ಡಿಸೆಂಬರಿನಲ್ಲಿ ಕರ್ಜತ್ ಹತ್ತಿರದ ಒಂದು ಕೆರೆಯ ದಂಡೆಯಲ್ಲಿ ಸಿಬ್ಬಂದಿಗೆಲ್ಲ ಎರಡು ದಿನದ ಕ್ಯಾಂಪ್ ಎಂದು ತೀರ್ಮಾನವಾಯಿತು. ಮೊದಲ ಬಾರಿಗೆ ಹೌಸ್‌ಕೀಪಿಂಗಿನ ಹನ್ನೆರಡು ಹೆಂಗಸರನ್ನೂ ಕರೆದಿದ್ದರು. ಅವರಲ್ಲಿ ಯಲ್ಲವ್ವ ಹಿರಿಯಳು. ಬಾಗಲಕೋಟೆ ಕಡೆಯ ಹೆಂಗಸು, ಕುರ್ಲಾದ ಚಾಳಿನ ಒಂದೇ ಕೋಣೆಯಲ್ಲಿ ವಾಸ. ಹತ್ತೊಂಬತ್ತು ವರ್ಷ ನಮ್ಮ ನೆಲ ಒರೆಸಿದ ಆಕೆಯನ್ನು ಕಂಪನಿ ಎಲ್ಲಿಗಾದರೂ ಕರೆದದ್ದು ಅದೇ ಮೊದಲು. ಲಿಫ್ಟ್‌ಮನ್‌ನಿಂದ ಹಿಡಿದು ಸಿಕ್ಕವರಿಗೆಲ್ಲ ಅದನ್ನೇ ಹೇಳುತ್ತಿದ್ದಳು.

ಅಡ್ಮಿನ್ ಮುಖ್ಯಸ್ಥ ಸತೀಶ್ ನನ್ನಂತೆಯೇ ಕರಾವಳಿಯವರು. ಅವರು ಕಳಿಸಿದ ಸಾಮಾನಿನ ಪಟ್ಟಿ ಓದಿ ನನಗೆ ಹೇಸಿಗೆಯಾಯಿತು. ಅಧಿಕಾರಿಗಳಿಗೆ ಎರಡು ಪದರದ ಟೆಂಟು, ಇಬ್ಬರಿಗೆ ಒಂದು, ಜೊತೆಗೆ ಗಾಳಿ ತುಂಬುವ ಮ್ಯಾಟು. ಹೌಸ್‌ಕೀಪಿಂಗಿಗೆ ಒಂದೇ ಪದರದ್ದು, ನಾಲ್ವರಿಗೆ ಒಂದು, ಮ್ಯಾಟ್ ಇಲ್ಲ. ಒಂದೇ ಪದರವಾದರೆ ಮಲಗಿದವರ ಉಸಿರೇ ಬಟ್ಟೆಗೆ ತಾಗಿ ತಣಿದು, ಬೆಳಗಾಗುವುದರೊಳಗೆ ಹನಿಯಾಗಿ ಮೈಮೇಲೆ ಬೀಳುತ್ತದೆ. ಮ್ಯಾಟ್ ಬೇಕಾಗುವುದು ಮೆತ್ತಗಿರಲಿ ಎಂದಷ್ಟೇ ಅಲ್ಲ, ನೆಲದ ಥಂಡಿ ಬೆನ್ನಿಗೆ ಹತ್ತದಿರಲಿ ಎಂದು. ಇನ್ನು ಲೇಬಲ್ಲಿನ ‘ಫೋರ್ ಪರ್ಸನ್’ ಶುದ್ಧ ಬೊಗಳೆ. ಚೀಲಗಳನ್ನು ಹೊರಗಿಟ್ಟು, ಯಾರೂ ಮಗ್ಗುಲು ಬದಲಿಸದಿದ್ದರೆ ಮಾತ್ರ ನಾಲ್ವರು ಹಿಡಿಸುತ್ತಾರೆ. ಆರಾಮ ಬೇಕೆಂದರೆ ಲೇಬಲ್ ಹೇಳಿದ್ದಕ್ಕಿಂತ ಒಬ್ಬರನ್ನಾದರೂ ಕಡಿಮೆ ಲೆಕ್ಕ ಹಾಕಬೇಕು.

ಸ್ಯಾಂಪಲ್ ಟೆಂಟನ್ನು ಸ್ಟೋರಿನಲ್ಲೇ ನಿಲ್ಲಿಸಿ ನಾಲ್ವರು ಹೆಂಗಸರನ್ನು ಮಲಗಲು ಹೇಳಿದೆ. ಯಲ್ಲವ್ವ ಕೊನೆಯವಳು. ಆಕೆಯ ಮೊಣಕೈ ಬಟ್ಟೆಯನ್ನು ಹೊರಕ್ಕೆ ಉಬ್ಬಿಸಿತು.

“ಲೋಕಲ್‌ದಾಗ ಫೋರ್ತ್ ಸೀಟ್ ಇದ್ದಂಗ ಐತ್ರಿ ಸಾಹೇಬ್ರ,” ಎಂದಳು. “ಅರ್ಧಾ ಸೀಟಿನ್ಯಾಗ, ಅರ್ಧಾ ಗಾಳ್ಯಾಗ.”

ಲೋಕಲ್ ರೈಲಿನಲ್ಲಿ ಮೂವರ ಸೀಟಿಗೆ ನಾಲ್ಕನೆಯವರಾಗಿ ತೂರಿಕೊಂಡು ಬರುವವರೇ ಎಲ್ಲರೂ, ನಕ್ಕರು. ಏಳುವಾಗ ಮಾತ್ರ ಆಕೆ ಸೊಂಟ ಹಿಡಿದುಕೊಂಡು ಎದ್ದಳು. ಆ ಸೊಂಟ ಹೋದದ್ದು ನಮ್ಮ ನೆಲ ಒರೆಸಿಯೇ.

ಮ್ಯಾಟನ್ನಾದರೂ ಕೊಡಿಸಿ ಎಂದು ಸತೀಶರನ್ನು ಕೇಳಿದೆ.

“ಅವರಿಗೆ ಮ್ಯಾಟ್ ಎಂತಕ್ಕೆ ಮಾರಾಯ್ರೆ? ಚಾಳಿನಲ್ಲಿ ನೆಲದಲ್ಲೇ ಮಲಗುವುದಲ್ವಾ? ಅಭ್ಯಾಸ ಉಂಟು.”

ತನ್ನ ಮ್ಯಾಟಿನ ಬಣ್ಣ ಆರಿಸಲು ಮೂರು ದಿನ ತೆಗೆದುಕೊಂಡ ಮನುಷ್ಯ ಇವರು. ನೀವೇ ಒಮ್ಮೆ ನಾಲ್ಕನೆಯವರಾಗಿ ಮಲಗಿ ನೋಡಿ ಎಂದೆ. ಪ್ಯಾಂಟಿನ ಇಸ್ತ್ರಿ ಹಾಳಾಗುತ್ತದೆ ಎಂದರು. ನನ್ನ ಮೈ ಉರಿಯಿತು. ಫೈಲಿನಲ್ಲಿ ‘ಬಳಕೆಗೆ ಯೋಗ್ಯವಲ್ಲ’ ಎಂದು ಬರೆದು, ಸಹಿ ಗೀಚಿ ವಾಪಸು ಕಳಿಸಿದೆ. ಅಂದು ಊಟ ರುಚಿಯಾಗಿತ್ತು.

ಸಂಜೆ ಸತೀಶರ ಟಿಪ್ಪಣಿಯೊಂದಿಗೆ ಫೈಲ್ ಮರಳಿ ಬಂತು. ಯೋಗ್ಯ ಸಾಮಗ್ರಿ ಇಲ್ಲದ ಕಾರಣ ಹೌಸ್‌ಕೀಪಿಂಗ್ ಸಿಬ್ಬಂದಿಯನ್ನು ಈ ಬಾರಿ ಕೈಬಿಡಲಾಗಿದೆ, ಆಧಾರ: ಪರ್ಚೇಸ್ ಆಫೀಸರ್ ವರದಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಮೇಲಿನವರ ಬಾಗಿಲು ತಟ್ಟಿದೆ, ಕೂಗಾಡಿದೆ. ಬಸ್ಸಿನ ಸೀಟು ಆಗಲೇ ರದ್ದಾಗಿದೆ ಎಂದರು.

ಮರುದಿನ ಯಲ್ಲವ್ವನಿಗೆ ನಾನೇ ಹೇಳಿದೆ. ನಿಮ್ಮ ಸೊಂಟಕ್ಕಾಗಿಯೇ ಹಾಗೆ ಬರೆದೆ ಎಂದು ವಿವರಿಸಿದೆ. ಆಕೆ ಬಕೆಟ್ ಕೆಳಗಿಟ್ಟಳು.

“ಹಾಸಾಕಂತ ಕೌದಿ ಒಗದ ಇಟ್ಟಿದ್ದೆನ್ರಿ ಸಾಹೇಬ್ರ. ನನಗ ಒಂದ ಮಾತ ಕೇಳಬೇಕಿಲ್ಲೇನ್ರಿ?”

ಜಾಗ ಸಾಲುತ್ತದೆಯೇ ಎಂದು ಮಲಗಿಸಿ ನೋಡಿದ್ದೆ. ಸಾಲದಿದ್ದರೂ ಬರುತ್ತೀರಾ ಎಂದು ಕೇಳಿರಲಿಲ್ಲ. ಒಂದು ವಸ್ತು ಬೇಡವೆಂದು ಬರೆಯುವಾಗ ಅದರ ಬದಲು ಯಾವುದು ಬೇಕು ಎಂಬುದನ್ನೂ ಅದೇ ಹಾಳೆಯಲ್ಲಿ ಬರೆಯಬೇಕು, ಇಲ್ಲವಾದರೆ ಆ ಜಾಗದಲ್ಲಿ ಬೇರೆಯವರು ಮನುಷ್ಯರ ಹೆಸರನ್ನೇ ಹೊಡೆದುಹಾಕುತ್ತಾರೆ. ಕೊನೆಯ ಎರಡು ವರ್ಷ ನಾನು ಹಾಗೆಯೇ ಬರೆದೆ. ಕಂಪನಿ ಹೌಸ್‌ಕೀಪಿಂಗಿನವರನ್ನು ಮತ್ತೆ ಕ್ಯಾಂಪಿಗೆ ಕರೆಯಲಿಲ್ಲ.