ಅತ್ತೆಗೆ ಹೆಗಲು ಕೊಟ್ಟ ಹೆಂಗಸರು

ಶವಪೆಟ್ಟಿಗೆಗೆ ಹೆಂಗಸರು ಹೆಗಲು ಕೊಡುವುದನ್ನು ನಾನು ಮೊದಲು ಕಂಡದ್ದು ಚೆನ್ನೈಯಲ್ಲಿ. ಒಳಗೆ ಮಲಗಿದ್ದವರು ನನ್ನ ಅತ್ತೆ.

ಗಂಡನಿಗೆ ಎಣ್ಣೂರಿನ ವಿದ್ಯುತ್ ಸ್ಥಾವರದಲ್ಲಿ ಕೆಲಸವಾಗಿ ಉಡುಪಿಯಿಂದ ಅಣ್ಣಾ ನಗರಕ್ಕೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಮನೆ ಹುಡುಕುವಾಗಲೇ "ಎಂದ ಸಬೈ?" ಎಂದು ಕೇಳಿಸಿಕೊಂಡಿದ್ದೆವು, ಯಾವ ಚರ್ಚಿನವರು ಎಂದು ಅರ್ಥ. ಊರಲ್ಲಿ ಇದನ್ನು ಯಾರೂ ಕೇಳುವುದಿಲ್ಲ, ಎಲ್ಲರಿಗೂ ಗೊತ್ತೇ ಇರುತ್ತದೆ. ನಮ್ಮೊಂದಿಗೆ ಬಂದಿದ್ದ ಅತ್ತೆ ಕ್ಯಾಥೊಲಿಕ್ ಮನೆಯಿಂದ ನಮ್ಮ ಪ್ರೊಟೆಸ್ಟೆಂಟ್ ಮನೆಗೆ ಮದುವೆಯಾಗಿ ಬಂದವರು. ಜಪಮಾಲೆ ಮಾತ್ರ ಬಿಡಲಿಲ್ಲ.

ಒಂದು ಬೆಳಿಗ್ಗೆ ದೋಸೆ ಹೊಯ್ಯುತ್ತಿದ್ದವರು ಹಾಗೇ ಕುಸಿದು ತೀರಿಕೊಂಡರು. ಮಧ್ಯಾಹ್ನದೊಳಗೆ ಇಲ್ಲಿನ ಕ್ಯಾಥೊಲಿಕ್, ಪ್ರೊಟೆಸ್ಟೆಂಟ್ ಚರ್ಚುಗಳೆರಡೂ ಮಣ್ಣು ಮಾಡಲು ಜಾಗವಿಲ್ಲ ಎಂದವು. ಒಬ್ಬರಿಗೆ ಅವರ ಮದುವೆ ಒಪ್ಪಿಗೆಯಿಲ್ಲ, ಇನ್ನೊಬ್ಬರಿಗೆ ಜಪಮಾಲೆ. ಗಂಡ ಮೆಟ್ಟಿಲ ಮೇಲೆ ಕುಳಿತುಬಿಟ್ಟರು. ನನಗೆ ಅಳುವೂ ಬರಲಿಲ್ಲ. ಸತ್ತವರನ್ನು ಬೇಡ ಅನ್ನುತ್ತಾರೆಯೆ?

ಆಗ ಕೆಳಮನೆಯ ರಂಜಿತಂ ಅಮ್ಮ ಏಳೆಂಟು ಹೆಂಗಸರೊಂದಿಗೆ ಮೇಲೆ ಬಂದರು. ಬೇರೆ ಬೇರೆ ಚರ್ಚಿನ ಇವರು ಶುಕ್ರವಾರ ಒಟ್ಟಿಗೆ ಪ್ರಾರ್ಥಿಸುತ್ತಾರೆಂದು ಗೊತ್ತಿತ್ತು. ಹಾಡು, ತಿನ್ನಲು ಕಡಲೆಯ ಸುಂಡಲ್, ಅಷ್ಟೇ ಎಂದುಕೊಂಡಿದ್ದೆ. ಇಬ್ಬರು ಅತ್ತೆಗೆ ಸೀರೆ ಉಡಿಸಿದರು. ಉಳಿದವರು ಪ್ರೊಟೆಸ್ಟೆಂಟ್ ಚರ್ಚಿನ ಪಾದ್ರಿಯ ಮನೆಗೆ ಹೋಗಿ, ಜಾಗ ಕೊಡುವವರೆಗೂ ಎದ್ದುಬರಲಿಲ್ಲ. ಹೊರಲು ಚರ್ಚಿನ ಗಂಡಸರು ಬಾರದಿದ್ದಾಗ ಅವರೇ ಹೊತ್ತರು. ಗಂಡನ ಹಿಂದೆ ನಾನೂ ಹೆಗಲು ಕೊಟ್ಟೆ.

ಮರಳುವಾಗ ರಂಜಿತಂ ಅಮ್ಮನನ್ನು ನನ್ನ ಹರಕು ತಮಿಳಿನಲ್ಲಿ ಕೇಳಿದೆ: "ಹೆಂಗಸರು ಹೊರಬಹುದಾ ಅಮ್ಮಾ?"

"ನಮ್ಮ ಸಂಘ ಹುಟ್ಟಿದ್ದೇ ಹೀಗಮ್ಮಾ," ಎಂದರು. ಎಷ್ಟೋ ವರ್ಷಗಳ ಹಿಂದೆ ಕ್ರೋಂಪೇಟೆಯ ಚರ್ಮದ ಕಾರ್ಖಾನೆಯೊಂದರ ಕೂಲಿಯ ಹೆಂಡತಿ ಹೆರಿಗೆಯಲ್ಲಿ ತೀರಿಕೊಂಡಳಂತೆ. ಅವಳದೊಂದು ಚರ್ಚು, ಗಂಡನದೊಂದು. ಎರಡೂ ಕಡೆಯವರು ಜಗಳವಾಡುತ್ತಿದ್ದರೆ ಹೆಣ ಬಿಸಿಲಲ್ಲಿ ಕಾದಿತ್ತು. ಬಾವಿಕಟ್ಟೆಯ ಹೆಂಗಸರು ಕೊಡ ಇಳಿಸಿ ಹೆಣ ಎತ್ತಿಕೊಂಡರು. ಅಂದಿನಿಂದ ಅವರು ಒಟ್ಟಿಗೆ ಸೇರತೊಡಗಿದರು. ಯಾವ ಚರ್ಚೂ ಕೋಣೆ ಕೊಡಲಿಲ್ಲ, ಪಾದ್ರಿಗಳು ಇವರನ್ನು ದಾರಿ ತಪ್ಪಿದವರೆಂದು ಪ್ರಸಂಗದಲ್ಲೇ ಬೈದರು. ಹೆಂಗಸರು ಸರದಿಯಂತೆ ತಮ್ಮ ಅಡುಗೆಮನೆಗಳಲ್ಲೇ ಪ್ರಾರ್ಥನೆಗೆ ಕೂತರು.

"ಆ ಮಗು?"

"ಮೂರು ಚರ್ಚಿನ ತಾಯಂದಿರು ಹಾಲೂಡಿಸಿದರು." ಅವರು ನನ್ನ ಕೈ ಹಿಡಿದರು. "ನಾನೇ ಅದು."

ನಾನು ರಸ್ತೆಯಲ್ಲೇ ನಿಂತುಬಿಟ್ಟೆ. ಅಳು ಆಗ ಬಂತು.

ಊರಲ್ಲಿರುವ ನಾದಿನಿಗೆ ಫೋನಿನಲ್ಲಿ ಹೇಳಿದರೆ, "ಹೆಂಗಸರು ಹೊತ್ತದ್ದಾ? ಎಂತ ಮಾರಾಯ್ತಿ, ಅಮ್ಮನನ್ನು ಇಲ್ಲಿಗೇ ತರಬಹುದಿತ್ತಲ್ಲ!" ಎಂದು ಅತ್ತಳು. ಅವಳದೂ ತಪ್ಪಲ್ಲ.

ಈಗ ಶುಕ್ರವಾರ ನಾನೂ ಹೋಗುತ್ತೇನೆ. "ಉನ್ ಬಾಷೈಲೆಯೇ ಸೊಲ್ಲು," ನಿನ್ನ ಭಾಷೆಯಲ್ಲೇ ಹೇಳು, ಎನ್ನುತ್ತಾರೆ; ಕನ್ನಡದಲ್ಲಿ ಪ್ರಾರ್ಥಿಸಿದರೆ ಅರ್ಥವಾಗದೆಯೂ ಆಮೆನ್ ಹೇಳುತ್ತಾರೆ. ಕ್ರಿಸ್ಮಸ್ಸಿಗೆ ಊರಿಗೆ ಹೋದಾಗ ನಮ್ಮ ಚರ್ಚಿನಲ್ಲಿ ಎದ್ದು ಅತ್ತೆಯ ಹೆಸರೆತ್ತಿ ಪ್ರಾರ್ಥಿಸಿದೆ. ಪ್ರತಿ ಮಾತೂ ಅಲ್ಲಿದ್ದವರಿಗೆಲ್ಲ ಅರ್ಥವಾಯಿತು. ಆಮೆನ್ ಮಾತ್ರ ಯಾರೂ ಹೇಳಲಿಲ್ಲ.