ಉಲ್ಟಾ ಕೂತ ಗಾಜು

೧೯೭೪ರಲ್ಲಿ ನಾನು ಸಿಂದಗಿಯಲ್ಲಿ ಕ್ಯಾಮೆರಾ ರಿಪೇರಿ ಅಂಗಡಿ ಇಟ್ಟಿದ್ದೆ. ಇಂಡಿ, ಬಸವನ ಬಾಗೇವಾಡಿ, ಮುದ್ದೇಬಿಹಾಳದ ಸ್ಟುಡಿಯೋಗಳ ಎನ್‌ಲಾರ್ಜರ್ ಲೆನ್ಸುಗಳೂ ಶುಚಿಗೆ ನನ್ನಲ್ಲಿಗೆ ಬರುತ್ತಿದ್ದವು. ನೆಗೆಟಿವ್‌ನ ಸಣ್ಣ ಚಿತ್ರವನ್ನು ಕಾಗದದ ಮೇಲೆ ದೊಡ್ಡದಾಗಿ ಬೀಳಿಸುವ ಲೆನ್ಸ್ ಅದು. ಡಾರ್ಕ್‌ರೂಮಿನ ತೇವಕ್ಕೆ ಒಳಗೆ ಬೂಷ್ಟು ಹಿಡಿದರೆ ಚಿತ್ರ ಮಸುಕಾಗುತ್ತದೆ.

ಮಳೆಗಾಲ ಮುಗಿಯುತ್ತಿದ್ದಾಗ ಮುದ್ದೇಬಿಹಾಳದ ಮಲ್ಲಪ್ಪ ಅಂಥದೊಂದು ಲೆನ್ಸ್ ತಂದರು. ಅವರ ಸ್ಟುಡಿಯೋದಲ್ಲಿ ಫೋಟೋ ತೆಗೆಯುವವರು ಅವರು, ಪ್ರಿಂಟ್ ಹಾಕುವವರು ಹೆಂಡತಿ ಗೌರವ್ವ. ಲೆನ್ಸಿನ ಮೂರೂ ಗಾಜು ಬಿಚ್ಚಿ, ಸ್ಪಿರಿಟ್ ಹಚ್ಚಿದ ಹತ್ತಿಯಿಂದ ಒರೆಸಿ, ಜೋಡಿಸಿ ಕೊಟ್ಟೆ.

ಹದಿನೈದು ದಿನಕ್ಕೆ ಮಲ್ಲಪ್ಪ ಮತ್ತೆ ಬಂದರು. ಶಾಲೆಯ ಮಾಸ್ತರರ ಗುಂಪು ಫೋಟೋದಲ್ಲಿ ನಡುವಿನವರು ಸ್ಪಷ್ಟವಾಗಿದ್ದರು, ಎರಡೂ ಅಂಚಿನವರ ಮುಖ ಕದಡಿತ್ತು. ಮಾಸ್ತರರು ಪ್ರಿಂಟ್ ವಾಪಸು ಮಾಡಿದ್ದರು. ಲೆನ್ಸನ್ನು ಬೆಳಕಿಗೆ ಹಿಡಿದೆ, ತಿಳಿನೀರಿನಂತಿತ್ತು.

“ಲೆನ್ಸ್ ಛಲೋ ಐತ್ರಿ. ಫೋಕಸ್ ಮಾಡೋದ್ರಾಗ ತಪ್ಪೇತಿ,” ಎಂದೆ.

ಮುಂದಿನ ವಾರ ಗೌರವ್ವ ಒಬ್ಬರೇ ಬಸ್ಸಿನಲ್ಲಿ ಬಂದರು. ನನ್ನ ಮಾತು ಕೇಳಿ ಗಂಡ ಅವರನ್ನು ಡಾರ್ಕ್‌ರೂಮಿನಿಂದ ಬಿಡಿಸಿದ್ದರು. ಲೆನ್ಸನ್ನೂ, ಹಳೆಯ ಗುಂಪು ಫೋಟೋದ ಒಂದೇ ನೆಗೆಟಿವ್‌ನ ಎರಡು ಪ್ರಿಂಟುಗಳನ್ನೂ ಮೇಜಿನ ಮೇಲಿಟ್ಟರು. ಶುಚಿಗೆ ಮೊದಲಿನದು ಪೂರ್ತಿ ಮಂಕು, ಆದರೂ ಅಂಚಿನವನ ಮೀಸೆಯ ಕೂದಲು ಕಾಣುತ್ತಿದ್ದವು. ಆಮೇಲಿನದು ಹೊಳೆಯುತ್ತಿತ್ತು, ಮೀಸೆ ಬರೀ ಕಪ್ಪು ಕಲೆ.

“ನೆಗೆಟಿವ್ ಒಂದ, ಕೈ ಒಂದ. ನಡುವ ಬದಲಾಗಿದ್ದು ಲೆನ್ಸ್ ಅಷ್ಟ ನೋಡ್ರಿ, ಅಣ್ಣಾರ.”

ಅವರೆದುರೇ ಲೆನ್ಸ್ ಬಿಚ್ಚಿದೆ. ಮಧ್ಯದ ಗಾಜು ಎರಡೂ ಬದಿ ತಗ್ಗಾಗಿರುತ್ತದೆ, ಒಂದು ಬದಿ ಮಾತ್ರ ತುಸು ಹೆಚ್ಚು. ಬರಿಗಣ್ಣಿಗೆ ಸುಲಭಕ್ಕೆ ತಿಳಿಯದು. ಎರಡೂ ಬದಿಯಲ್ಲಿ ದೀಪದ ಪ್ರತಿಬಿಂಬ ಹೋಲಿಸಿ ನೋಡಿದಾಗ ಗೊತ್ತಾಯಿತು, ಅದನ್ನು ನಾನು ಉಲ್ಟಾ ಕೂರಿಸಿದ್ದೆ.

“ತಪ್ಪು ನಂದ ಐತ್ರಿ,” ಎಂದೆ.

“ನನಗ ಹೇಳಿ ಏನ್ ಉಪಯೋಗ? ನಮ್ಮನಿಯವರ ಮುಂದ ಹೇಳ್ರಿ.”

ಗಾಜನ್ನು ಸರಿಯಾಗಿ ಕೂರಿಸಿ, ಅಂಗಡಿ ಮುಚ್ಚಿ ಅವರೊಂದಿಗೇ ಮುದ್ದೇಬಿಹಾಳಕ್ಕೆ ಹೋದೆ. ಗೌರವ್ವ ಮಾಸ್ತರರ ಫೋಟೋವನ್ನು ಮತ್ತೆ ಪ್ರಿಂಟ್ ಹಾಕಿದರು. ಮಲ್ಲಪ್ಪ ಡಾರ್ಕ್‌ರೂಮಿನ ಬಾಗಿಲು ತೆರೆದು ಬೆಳಕಿನಲ್ಲಿ ನೋಡಿದರು. ಅಂಚಿನವರ ಕನ್ನಡಕದ ಕಡ್ಡಿಯೂ ಎದ್ದು ಕಾಣುತ್ತಿತ್ತು. ನನ್ನ ತಪ್ಪನ್ನು ಅವರಿಗೆ ಬಿಡಿಸಿ ಹೇಳಿದೆ. ಅವರು ಹೆಂಡತಿಗೆ, “ಉಳದದ್ದೂ ನೀನ ಹಾಕು,” ಎಂದರು.

“ಹಾಕ್ತೇನಿ. ಮೊದಲ ಬಾಗಲಾ ಮುಚ್ರಿ, ಬೆಳಕ ಬರಾಕತ್ತೇತಿ,” ಎಂದರು ಗೌರವ್ವ, ತಲೆ ಎತ್ತದೆ.

ಅಂದಿನಿಂದ ಬಿಚ್ಚುವ ಮುನ್ನ ಪ್ರತಿ ಗಾಜಿನ ಅಂಚಿಗೂ ಪೆನ್ಸಿಲ್ ಗುರುತು ಹಾಕತೊಡಗಿದೆ. ಅದು ಕೈಗೆ ಸಂಬಂಧಿಸಿದ ಪಾಠ. ಇನ್ನೊಂದನ್ನು ರೂಢಿಸಿಕೊಳ್ಳಲು ಹೆಚ್ಚು ಕಾಲ ಹಿಡಿಯಿತು: ನಾನು ರಿಪೇರಿ ಮಾಡಿದ ವಸ್ತು ಕೈಕೊಟ್ಟರೆ, ಅದನ್ನು ಬಳಸುವವರ ಮೇಲೆ ಬೆರಳು ತೋರಿಸುವ ಮೊದಲು ನನ್ನ ಕೆಲಸವನ್ನು ನಾನೇ ಬಿಚ್ಚಿ ನೋಡಬೇಕು.